ಕತ್ತರಿ ತಾಗದ ಕೋಟು

ಮಾರ್ಚ್ 4

ಅಕ್ಕಾ,

ಮೊದಲು ಕೂತುಕೋ. ಕೈಯಲ್ಲಿ ಸೂಜಿ ಇದ್ದರೆ ಪಕ್ಕಕ್ಕಿಡು, ಆಮೇಲೆ ಚುಚ್ಚಿಕೊಂಡು ನನ್ನನ್ನು ಬೈಯಬೇಡ. ಕೆಂಪು ಕೋಟು ನನಗೆ ಬಂತು!

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಶುರುಮಾಡಿದ ಮಾತನ್ನು ನೀನು ಮುಗಿಸುತ್ತೀಯ, ನಿನ್ನದನ್ನು ನಾನು ಮುಗಿಸುತ್ತೇನೆ. ಕೊನೆಗೆ ಇಬ್ಬರಿಗೂ ಏನೂ ತಿಳಿದಿರುವುದಿಲ್ಲ. ನೀನು ಊರು ಬಿಟ್ಟು ಹೋದ ಹನ್ನೆರಡು ವರ್ಷದಿಂದ ನಾವು ಅಂಚೆಯವರ ಕಾಲು ಸವೆಸುತ್ತಿರುವುದು ಅದಕ್ಕೇ ತಾನೆ.

ನಿನ್ನೆ ಸಂಜೆ ಬ್ಯಾಂಡಿನ ಅಭ್ಯಾಸ ಮುಗಿದ ಮೇಲೆ ಯಜಮಾನರು ಎದ್ದು ನಿಂತರು. ಇಪ್ಪತ್ತು ವರ್ಷ ಎಲ್ಲರ ಮುಂದೆ ನಿಂತು ಟ್ರಂಪೆಟ್ ಊದಿದವರು. "ಹಲ್ಲು ಅಲ್ಲಾಡ್ತಿದೆ ಕಣ್ರಪ್ಪ. ಇನ್ಮೇಲೆ ನಾನು ಕೇಳೋನು, ಊದೋನಲ್ಲ" ಅಂದರು. ಬ್ಯಾಂಡ್ ಮಾಸ್ಟರು ಗಾಜಿನ ಬೀರು ತೆಗೆದು, ಕೋಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನಗೆ ಕೊಟ್ಟರು. ಹದಿನೆಂಟು ವರ್ಷ ಎರಡನೇ ಸಾಲಿನಲ್ಲಿ ಕೂತು ನಾನು ನೋಡಿದ್ದು ಆ ಕೋಟಿನ ಬೆನ್ನನ್ನು. ಮುಂದೆ ಎಂಟು ಹಿತ್ತಾಳೆ ಗುಂಡಿಗಳಿವೆ ಅಂತ ಎಣಿಸಿದ್ದು ನಿನ್ನೆಯೇ.

ಎಣಿಸುವುದು ಸುಲಭ, ಹಾಕುವುದು ಕಷ್ಟ. ಮೊದಲ ಮೂರು ಗುಂಡಿ ಸಲೀಸಾಗಿ ಬಿದ್ದವು. ನಾಲ್ಕನೆಯದಕ್ಕೆ ಉಸಿರು ಬಿಗಿಹಿಡಿದೆ. ಐದನೆಯದಕ್ಕೆ ಮಾಸ್ಟರು ನನ್ನ ಹೊಟ್ಟೆಗೆ ಮೊಣಕಾಲು ಕೊಟ್ಟರು. ಆರನೆಯ ಗುಂಡಿಗೂ ಅದರ ಕಾಜಕ್ಕೂ ನಡುವೆ ನಾಲ್ಕು ಬೆರಳು ಅಂತರ! ಬ್ಯಾಂಡಿಗೆ ಬ್ಯಾಂಡೇ ನಕ್ಕಿತು, ಡೋಲಿನವನು ಎರಡೇಟು ಬಾರಿಸಿಯೇ ಬಿಟ್ಟ.

ನಿಯಮ ನಿನಗೆ ಗೊತ್ತಿರಬೇಕು. ಅರವತ್ತು ವರ್ಷದ ಹಿಂದೆ ಹೊಲಿಸಿದ ಕೋಟು, ಅದಕ್ಕೆ ಕತ್ತರಿ ತಾಗಬಾರದು. ಎಂಟೂ ಗುಂಡಿ ಹಾಕಿಕೊಂಡವನು ಮುಂದೆ ನಿಲ್ಲಬೇಕು, ಆಗದಿದ್ದರೆ ಕೋಟು ಪಕ್ಕದವರಿಗೆ. ನನ್ನ ಪಕ್ಕ ಕೂರುವವಳು ಅಂಚೆ ಕಚೇರಿಯ ಹುಡುಗಿ, ಊದುಬತ್ತಿಯ ಹಾಗಿದ್ದಾಳೆ. ಸೆಪ್ಟೆಂಬರ್ 21ಕ್ಕೆ ಬ್ಯಾಂಡಿನ ಅರವತ್ತನೇ ವರ್ಷದ ಮೆರವಣಿಗೆ. ರೈಲು ನಿಲ್ದಾಣದಿಂದ ಏರು ರಸ್ತೆಯಲ್ಲಿ ಊದುತ್ತ ಹತ್ತಿ, ಪುರಸಭೆಯ ಅಂಗಳದಲ್ಲಿ ಎಲ್ಲ ವಾದ್ಯಗಳೂ ನಿಂತಾಗ ಟ್ರಂಪೆಟ್ ಒಂದೇ ಕೊನೆಯ ಉದ್ದ ಸ್ವರವನ್ನು ಹಿಡಿಯಬೇಕು. ಆ ಸ್ವರಕ್ಕಾಗಿ ಹದಿನೆಂಟು ವರ್ಷ ಕಾದಿದ್ದೇನೆ ಅಕ್ಕ.

ಯಜಮಾನರಿಗೂ ಒಂದು ಕಾಲದಲ್ಲಿ ಒಳ್ಳೆಯ ಹೊಟ್ಟೆಯೇ ಇತ್ತು. ಅದನ್ನು ಎಳೆದು ಬೆನ್ನಿಗಂಟಿಸಿಕೊಂಡು ಊದುತ್ತಿದ್ದರು ಅಂತ ಬ್ಯಾಂಡಿನಲ್ಲಿ ದೊಡ್ಡ ಮಾತು. ನನ್ನದೋ ಎಳೆದರೆ ಬರುವ ಜಾತಿಯದಲ್ಲ. ದಿನವಿಡೀ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರಗಳ ಹೊಟ್ಟೆ ಬಿಚ್ಚುವವನ ಹೊಟ್ಟೆ ಇನ್ನೇನಾದೀತು? ನೀನು ದರ್ಜಿ. ಏನಾದರೂ ದಾರಿ ಇದ್ದರೆ ಹೇಳು.

ನಿನ್ನ ತಮ್ಮ,
ಗುಂಡ

---

ಮಾರ್ಚ್ 12

ಗುಂಡಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಕಾಜ ಮಾಡುವವಳು ನಕ್ಕು ನಕ್ಕು ದಾರ ತುಂಡರಿಸಿದಳು. ನಿನ್ನ ಭಾವ ಮಾತ್ರ ನಗಲಿಲ್ಲ, ಮೆಲ್ಲಗೆ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು.

ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲು ಬರುವುದಿಲ್ಲ. ಚಿಕ್ಕವನಿದ್ದಾಗ ನೀರು ಹಾಕುವ ಪೈಪು ಊದಿ ಬೀದಿಯವರ ಕೈಲೆಲ್ಲ ಬೈಸಿಕೊಂಡವನು ನೀನು.

ಕೋಟಿನ ವಿಷಯ ನನ್ನನ್ನು ಕೇಳಬೇಡ. ನಿಯಮ ಅಂದರೆ ನಿಯಮ. ಹೊಟ್ಟೆಯ ವಿಷಯ ಕೇಳು, ಹೇಳುತ್ತೇನೆ. ಆರು ತಿಂಗಳಿದೆ, ಅದು ಕಡಿಮೆಯಲ್ಲ. ಅಂಗಡಿಗೆ ಬಸ್ಸಿನಲ್ಲಿ ಹೋಗುವುದನ್ನು ಬಿಡು, ನಡೆ. ಡ್ರಾಯರಿನಲ್ಲಿ ಸ್ಪ್ರಿಂಗುಗಳ ಡಬ್ಬಿಯ ಹಿಂದೆ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೀಯಲ್ಲ, ಅದನ್ನು ಎದುರು ಅಂಗಡಿಯವರಿಗೆ ಕೊಡು. ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಡ. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಇರಲಿ. ಊಟ ಬಿಡಬೇಡ, ನೀನು ಹಸಿದರೆ ಮನೆಯವರ ತಲೆ ತಿನ್ನುತ್ತೀಯ. ಹೊತ್ತಿಗೆ ಸರಿಯಾಗಿ ಮಲಗು.

ಪ್ರತಿ ತಿಂಗಳು ಒಂದು ದಾರ ಕಳಿಸು. ಹೊಕ್ಕುಳ ಮೇಲೆ ಸುತ್ತಿ, ಉಸಿರು ಬಿಟ್ಟು, ಸೇರಿದ ಕಡೆ ಗಂಟು ಹಾಕು. ಟೇಪಿನಲ್ಲಿ ಅಳೆದರೆ ನೀನು ಅಂಕಿ ಬದಲಿಸುತ್ತೀಯ, ನನಗೆ ಗೊತ್ತು. ದಾರಗಳನ್ನೆಲ್ಲ ನನ್ನ ಗೋಡೆಗೆ ಸಾಲಾಗಿ ಗುಂಡುಪಿನ್ನು ಚುಚ್ಚಿ ತೂಗುಹಾಕುತ್ತೇನೆ.

ಅಕ್ಕ

---

ಏಪ್ರಿಲ್ 5

ಅಕ್ಕಾ,

ದಾರ ಇಟ್ಟಿದ್ದೇನೆ. ಉಸಿರು ಬಿಟ್ಟೇ ಅಳೆದಿದ್ದು, ಸಾಕ್ಷಿಗೆ ನನ್ನಾಕೆ ಪಕ್ಕದಲ್ಲೇ ನಿಂತಿದ್ದಳು.

ನಡೆಯುತ್ತಿದ್ದೇನೆ. ಬೆಳಗ್ಗೆ ಅವಳನ್ನು ಗ್ರಂಥಾಲಯದ ಬಾಗಿಲವರೆಗೆ ಬಿಟ್ಟು, ಅಲ್ಲಿಂದ ಕಾಲುವೆಯ ಪಕ್ಕದ ದಾರಿಯಲ್ಲಿ ಅಂಗಡಿಗೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ನಾವಿಬ್ಬರೂ ಇಷ್ಟು ಮಾತಾಡಿರಲಿಲ್ಲ. ಅವಳಿಗೆ ಹಕ್ಕಿಗಳ ಹೆಸರು ಗೊತ್ತಂತೆ! ನನಗೆ ಕಾಗೆಯೊಂದೇ ಗೊತ್ತು, ಅದನ್ನೂ ಮೊನ್ನೆ ತಪ್ಪಾಗಿ ಹೇಳಿದೆ.

ಆದರೆ ಅಕ್ಕ, ಒಂದು ತಿಂಗಳು ಬಿಸ್ಕತ್ತಿಲ್ಲದೆ, ಸಕ್ಕರೆಯಿಲ್ಲದೆ, ಬಸ್ಸಿಲ್ಲದೆ ಬದುಕಿದ್ದಕ್ಕೆ ಸಿಕ್ಕಿದ್ದು ಅರ್ಧ ಬೆರಳು. ಕೋಟು ಹಾಕಿ ನೋಡಿದೆ, ಆರನೆಯ ಗುಂಡಿ ಇನ್ನೂ ದೂರದ ನೆಂಟನ ಹಾಗೆ ನೋಡುತ್ತಿದೆ. ಈ ವೇಗದಲ್ಲಿ ಸೆಪ್ಟೆಂಬರಿಗೆ ಮುಟ್ಟುವುದು ಅನುಮಾನ. ಪಕ್ಕದ ಕನ್ನಡಕದಂಗಡಿಯವನು ಬೇರೊಂದು ದಾರಿ ಹೇಳಿದ್ದಾನೆ. ಈಗಲೇ ಹೇಳುವುದಿಲ್ಲ, ಮುಂದಿನ ದಾರ ಬಂದಾಗ ನೀನೇ ಮೂಗಿನ ಮೇಲೆ ಬೆರಳಿಡುತ್ತೀಯ.

ಗುಂಡ

---

ಏಪ್ರಿಲ್ 14

ಗುಂಡಾ,

ಅರ್ಧ ಬೆರಳು ಅಂದರೆ ದರ್ಜಿಗೆ ಬಹಳ ದೊಡ್ಡದು. ಅರ್ಧ ಬೆರಳಿಗೆ ಮದುವಣಗಿತ್ತಿಯರು ಅಳುವುದನ್ನು ನಾನು ನೋಡಿದ್ದೇನೆ. ಹೀಗೇ ನಡೆ. ಕನ್ನಡಕದವನ ದಾರಿ ಏನು? ವ್ಯಾಯಾಮವೇ? ಬಗ್ಗುವಾಗ ಹುಷಾರು, ನಿನಗೆ ಬೆನ್ನು ಹಿಡಿಯುವ ಅಭ್ಯಾಸವಿದೆ.

ನಿನ್ನ ಭಾವನೂ ನಡೆಯಲು ಶುರುಮಾಡಿದ್ದಾರೆ. ಬೇಕರಿಯ ತನಕ ಹೋಗಿ ವಾಪಸು ಬರುತ್ತಾರೆ.

ಅಕ್ಕ

---

ಮೇ 9

ಅಕ್ಕಾ ಅಕ್ಕಾ!

ದಾರ ನೋಡು! ಗೋಡೆಗೆ ಚುಚ್ಚಿ ಪಕ್ಕದ ದಾರದ ಜೊತೆ ಹಿಡಿದು ನೋಡು! ಎರಡು ಬೆರಳು! ಐದು ವಾರದಲ್ಲಿ! ಐದನೆಯ ಗುಂಡಿ ಯಾರ ಮೊಣಕಾಲೂ ಇಲ್ಲದೆ ಬಿತ್ತು, ಆರನೆಯದು ಕಾಜದ ಹತ್ತಿರ ಬಂದು ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ಹಸಿವೇ ಇಲ್ಲ. ನನ್ನಾಕೆ ತಟ್ಟೆ ಇಟ್ಟರೆ ಬೇರೆ ಯಾರದೋ ಊಟ ಅನ್ನಿಸುತ್ತದೆ. ನಡೆಯುವುದನ್ನೂ ಬಿಟ್ಟೆ, ಬೇಕಾಗಿಯೇ ಇಲ್ಲ. ನಿದ್ದೆಯೂ ಅಷ್ಟು ಬೇಕಿಲ್ಲ, ಹಾಗಾಗಿ ದಿನದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಗೊತ್ತೇ! ಬೀರು ಒಪ್ಪ ಮಾಡಿದೆ, ಹಳೆಯ ಗಡಿಯಾರಗಳ ಪಟ್ಟಿ ಬರೆದೆ, ಪಟ್ಟಿಯ ಪಟ್ಟಿಯನ್ನೂ ಬರೆದೆ.

ಬಾಯಿ ಸ್ವಲ್ಪ ಒಣಗುತ್ತದೆ, ಬೇಸಿಗೆ ಇರಬೇಕು. ಮೊನ್ನೆ ಒಂದು ಕೂದಲೆಳೆಯಂಥ ಸ್ಕ್ರೂ ಚಿಮಟದಿಂದ ಜಾರಿ ಬಿತ್ತು, ನಿನ್ನೆ ಇನ್ನೊಂದು. ಕಣ್ಣು ಪರೀಕ್ಷೆ ಮಾಡಿಸಬೇಕು. ನನ್ನಾಕೆ ಯಾಕೋ ಮುಖ ಗಂಟು ಹಾಕಿಕೊಂಡಿದ್ದಾಳೆ, ಬೆಳಗ್ಗೆ ಒಬ್ಬಳೇ ನಡೆದು ಹೋಗುತ್ತಾಳೆ.

ಗುಂಡ, ಆದರೆ ಇನ್ನು ಹೆಚ್ಚು ದಿನ ಗುಂಡನಲ್ಲ!

---

ಮೇ 17

ತಮ್ಮಾ,

ಈ ಪತ್ರವನ್ನು ಗಟ್ಟಿಯಾಗಿ ಓದಿ ಯಾರಿಗೂ ಹೇಳಲಿಲ್ಲ. ಭಾವನಿಗೂ ತೋರಿಸಿಲ್ಲ.

ದಾರ ನೋಡಿದೆ. ಅದಕ್ಕಿಂತ ಹೆಚ್ಚಾಗಿ ನಿನ್ನ ಅಕ್ಷರ ನೋಡಿದೆ. ಅಚ್ಚು ಹಾಕಿದಂತಿದ್ದ ಅಕ್ಷರ ನಿನ್ನದು. ಈ ಪತ್ರದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿವೆ, ಒತ್ತುಗಳು ನಡುಗಿವೆ. ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಊಟ ಸೇರುವುದಿಲ್ಲ, ಹೆಂಡತಿ ಮಾತು ಬಿಟ್ಟಿದ್ದಾಳೆ. ಇದೆಲ್ಲ ಏನೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ನಮ್ಮ ದೊಡ್ಡ ಮಾವನ ಮನೆಯಲ್ಲಿ ಇದನ್ನೇ ನೋಡಿಕೊಂಡು ಬೆಳೆದವರು ನಾವು.

ಎಷ್ಟು ದಿನದಿಂದ ಕುಡಿಯುತ್ತಿದ್ದೀಯ?

ಅಕ್ಕ

---

ಮೇ 24

ಅಕ್ಕಾ,

ನಾನು ಕುಡಿಯುವುದು ನೀರು. ದಿನಕ್ಕೆ ಹದಿನೆಂಟು ಲೋಟ. ಬೇಕಾದರೆ ಲೋಟ ಕಳಿಸುತ್ತೇನೆ, ಮೂಸಿ ನೋಡು.

ಹದಿನೆಂಟು ವರ್ಷದ ಮೇಲೆ ಒಂದು ಒಳ್ಳೆಯದಾದರೆ ಮನೆಯವರಿಗೇ ಸಹಿಸಲಾಗುವುದಿಲ್ಲ. ದಾರ ಬೇಕೆಂದಿದ್ದೆ, ಬಂತು. ಇನ್ನು ಕಳಿಸುವುದಿಲ್ಲ.

---

ಜೂನ್ 2

ಗುಂಡಾ,

ತಪ್ಪಾಯಿತು. ಕುಡಿಯುವುದಿಲ್ಲ ಅಂದರೆ ಕುಡಿಯುವುದಿಲ್ಲ, ನಂಬಿದೆ. ಆದರೆ ಈ ಪತ್ರದ ಅಕ್ಷರವೂ ನಡುಗಿದೆಯಲ್ಲೋ. ಕೋಪಕ್ಕೆ ಅಂದುಕೊಳ್ಳಲೇ?

ಗೋಡೆಯಲ್ಲಿ ಮೂರನೆಯ ಪಿನ್ನು ಖಾಲಿ ಇದೆ.

ಅಕ್ಕ

---

ಜೂನ್ 25

ಗುಂಡಾ,

ಮೂರು ವಾರವಾಯಿತು. ಫೋನು ಮಾಡಿದರೆ ನಿನ್ನ ಹೆಂಡತಿ "ಅವರೇ ಬರೀತಾರಂತೆ ಅತ್ತಿಗೆ, ಈಗ ಚೆನ್ನಾಗಿದ್ದಾರೆ" ಅಂದಳು. ಆ "ಈಗ" ಎಂಬ ಮಾತನ್ನೇ ತಿರುಗಿ ತಿರುಗಿ ಯೋಚಿಸುತ್ತಿದ್ದೇನೆ. ನಿನ್ನೆ ಒಬ್ಬರ ಎರಡೂ ತೋಳನ್ನು ಎಡಗಡೆಗೇ ಹೊಲಿದೆ. ಬರೆ ಮಾರಾಯ. ಬೈದಾದರೂ ಬರೆ.

ಅಕ್ಕ

---

ಜುಲೈ 2

ಅಕ್ಕಾ,

ಅಕ್ಷರ ನೋಡು. ಮೊದಲಿನ ಹಾಗಿದೆ, ಅಲ್ಲವೇ? ಅದಕ್ಕೆಂದೇ ಇಷ್ಟು ದಿನ ಕಾದೆ. ನಡುಗುವ ಕೈಯಲ್ಲಿ ಬರೆದು ನಿನ್ನನ್ನು ಮತ್ತೆ ಹೆದರಿಸಲು ಮನಸ್ಸಾಗಲಿಲ್ಲ.

ಮಾತ್ರೆ ಅಕ್ಕ. ಕನ್ನಡಕದವನ ದಾರಿ ಅದೇ. ಹಸಿರು ಡಬ್ಬಿ, ಮೇಲೆ ಎಲೆಯ ಚಿತ್ರ, "ಶುದ್ಧ ಗಿಡಮೂಲಿಕೆ, ಹದಿನೈದೇ ದಿನದಲ್ಲಿ ತೆಳ್ಳಗೆ" ಅಂತ ದಪ್ಪ ಅಕ್ಷರ. ಮಾಡಿದವರು ಯಾರು, ಎಲ್ಲಿ, ಒಂದೂ ಇಲ್ಲ. ದಿನಕ್ಕೊಂದು ಅಂತ ಶುರುಮಾಡಿದೆ. ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನಿಸಿದ್ದಕ್ಕೆ ಎರಡು ಮಾಡಿದೆ. ಬುದ್ಧಿವಂತ ನಿನ್ನ ತಮ್ಮ.

ಎದೆ ಹೊಡೆದುಕೊಳ್ಳುತ್ತಿತ್ತು. ಗಡಿಯಾರದವನಲ್ಲವೇ, ಸೆಕೆಂಡಿನ ಮುಳ್ಳು ನೋಡಿ ನಾಡಿ ಎಣಿಸಿದೆ. ನಿಮಿಷಕ್ಕೆ ನೂರಾ ಹದಿನೆಂಟು, ಅದೂ ಸ್ಟೂಲಿನ ಮೇಲೆ ಸುಮ್ಮನೆ ಕೂತಾಗ. ಎಣಿಸಿ ಏನು ಮಾಡಿದೆ ಗೊತ್ತೇ? ಗಡಿಯಾರ ನಿಧಾನವಾಗಿದೆಯೇನೋ ಅಂತ ಬೇರೆ ಗಡಿಯಾರ ತೆಗೆದುಕೊಂಡೆ. ಅಂಗಡಿಯ ನಾಲ್ಕು ಗಡಿಯಾರ ಹಿಡಿದು ಎಣಿಸಿದರೂ ನೂರಾ ಹದಿನೆಂಟೇ.

ಜೂನ್ 8ರ ಅಭ್ಯಾಸದಲ್ಲಿ ಮಾಸ್ಟರು "ಗುಂಡಣ್ಣ, ಕೊನೇ ಸ್ವರ ಒಂದ್ಸಲ ನೋಡೋಣ" ಅಂದರು. ಬಾಯಿ ಮರಳಾಗಿತ್ತು. ತುಟಿ ಒದ್ದೆಯಿಲ್ಲದೆ ಟ್ರಂಪೆಟ್ ಕೂಗುವುದಿಲ್ಲ ಅಕ್ಕ, ಅದು ಮೊದಲ ಪಾಠ. ಊದಿದೆ. ಆಕಳಿಸಿದ ಹಾಗೊಂದು ಸದ್ದು ಬಂತು. ಯಾರೂ ನಗಲಿಲ್ಲ. ಡೋಲಿನವನೂ ನಗಲಿಲ್ಲ, ಆಗಲೇ ನನಗೆ ಭಯವಾಗಿದ್ದು. ಮತ್ತೆ ಉಸಿರೆಳೆದೆ, ಗೋಡೆ ತಿರುಗಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಅಂಚೆಯ ಹುಡುಗಿ ಸ್ವರಲಿಪಿಯ ಹಾಳೆಯಿಂದ ಗಾಳಿ ಬೀಸುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ನನ್ನಾಕೆ ತಂದುಕೊಟ್ಟ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೇಳಿದರು, "ಇದರೊಳಗೆ ಏನಿದೆ ಅಂತ ಗೊತ್ತಾ?"

"ಗಿಡಮೂಲಿಕೆ ಅಂತ ಬರೆದಿದೆ ಮೇಡಂ."

"ಹೊರಗೆ ಬರೆದಿರೋದೇ ಒಳಗಿರಬೇಕು ಅಂತೇನಿಲ್ಲ. ತೂಕಕ್ಕೆ ಔಷಧಿನೇ ಇಲ್ಲ ಅಂತಲ್ಲ. ಬೇಕಾದವರಿಗೆ ನಾವೇ ಬರೆದುಕೊಡ್ತೀವಿ, ಆಮೇಲೆ ರಕ್ತದೊತ್ತಡ, ಹೃದಯ ಎಲ್ಲ ನೋಡ್ತಾ ಇರ್ತೀವಿ. ಇದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ. ನಿಮ್ಮ ಕೆಲಸ ಏನು?"

"ಗಡಿಯಾರ ರಿಪೇರಿ."

"ಗಡಿಯಾರ ಬೇಗ ಬೇಗ ಓಡಿದ್ರೆ ಒಳ್ಳೇ ಗಡಿಯಾರ ಅಂತೀರಾ?"

ಬೇಗ ಓಡುವ ಗಡಿಯಾರವನ್ನು ಜನ ನನ್ನ ಹತ್ತಿರ ತರುವುದೇ ಸರಿಮಾಡಿಸಲು. ಎರಡು ದಿನ ಆಸ್ಪತ್ರೆಯಲ್ಲಿಟ್ಟು ಎದೆಗೆ ತಂತಿ ಅಂಟಿಸಿ ನೋಡಿದರು. ಹೃದಯಕ್ಕೆ ಪೆಟ್ಟಾಗಿಲ್ಲ, ಅದೃಷ್ಟ ಅಂದರು. ಮಾತ್ರೆಯನ್ನು ಪರೀಕ್ಷೆಗೆ ಕಳಿಸಿದ್ದರು. ಎಲೆಯಲ್ಲ, ಎದೆಬಡಿತ ಏರಿಸುವ ಯಾವುದೋ ಮದ್ದು ಅದರಲ್ಲಿತ್ತಂತೆ, ಡಬ್ಬಿಯ ಮೇಲೆ ಅದರ ಸುಳಿವೇ ಇಲ್ಲ. ಕನ್ನಡಕದವನೂ ಅದನ್ನೇ ನುಂಗುತ್ತಿದ್ದ ಪಾಪ. ಬಿಳಿಚಿಕೊಂಡು ಬಂದು, ಉಳಿದ ಡಬ್ಬಿಗಳನ್ನೆಲ್ಲ ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಕೈ ಮುಗಿದ.

ನನ್ನಾಕೆಗೆ ಮುಂಚೆಯೇ ಡಬ್ಬಿ ಸಿಕ್ಕಿತ್ತಂತೆ. ಕೇಳಿದ್ದಕ್ಕೆ ನಾನು ಅದು ವಿಟಮಿನ್ ಅಂದಿದ್ದೆ. ಮುಖ ಗಂಟು ಹಾಕಿಕೊಂಡಿದ್ದು ಅದಕ್ಕೆ. ನಿನಗೂ ಸುಳ್ಳು, ಅವಳಿಗೂ ಸುಳ್ಳು. ನನಗೆ ನಾಚಿಕೆಯಾಗುತ್ತಿದೆ ಅಕ್ಕ.

ಮೂರನೆಯ ದಾರ ಇಟ್ಟಿದ್ದೇನೆ. ಮಾತ್ರೆ ಬಿಟ್ಟ ಮೂರೇ ವಾರದಲ್ಲಿ ಎರಡು ಬೆರಳಲ್ಲಿ ಒಂದೂವರೆ ಬೆರಳು ವಾಪಸು ಬಂದಿದೆ. ಹೋಗಿದ್ದರಲ್ಲಿ ಮುಕ್ಕಾಲು ನೀರೇ ಇದ್ದಿರಬೇಕು ಅಂದರು. ಕೋಟನ್ನು ಅಂಚೆಯ ಹುಡುಗಿಗೆ ಕೊಟ್ಟುಬಿಡುತ್ತೇನೆ. ಚೆನ್ನಾಗಿ ಊದುತ್ತಾಳೆ. ಎರಡನೇ ಸಾಲು ನನಗೆ ಹಳೆಯ ಚಪ್ಪಲಿಯ ಹಾಗೆ, ಕಾಲಿಗೆ ಒಗ್ಗಿದೆ.

ಗುಂಡ

---

ಜುಲೈ 9

ಗುಂಡಾ,

ನಿನ್ನ ಪತ್ರ ಬಂದಾಗ ಅಂಗಡಿ ತುಂಬ ಗಿರಾಕಿಗಳು. ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆಮೇಲೆ ಆ ದುಂಡು ಅಕ್ಷರ ನೋಡಿ ನಕ್ಕೆ. ಭಾವ ಹೆದರಿ ನೀರು ತಂದರು. ನೀನಿದ್ದೀಯಲ್ಲ, ನನಗೆ ಅಷ್ಟು ಸಾಕು. ಉದ್ದದ ದಾರವೇ ನನಗೆ ಚಂದ.

ಎಲ್ಲ ತಪ್ಪೂ ನಿನ್ನ ತಲೆಗೇ ಕಟ್ಟಿಕೊಳ್ಳಬೇಡ. ಯಾಕೆಂದು ಈಗ ಹೇಳಲಾರೆ. ಹೆಂಡತಿಯ ಜೊತೆ ಮತ್ತೆ ನಡೆ, ಡಾಕ್ಟರಮ್ಮ ಹೇಳಿದಷ್ಟೇ ನಡೆ. ಹೊಟ್ಟೆ ತುಂಬ ಊಟ ಮಾಡು, ಸೊಪ್ಪು ತರಕಾರಿ ಕಾಳು, ಚೆನ್ನಾಗಿ ಅಗಿದು. ನಿದ್ದೆ ಮಾಡು. ದಾರ ಎಷ್ಟು ಬರುತ್ತದೋ ಅಷ್ಟು ಬರಲಿ.

ಕೋಟನ್ನು ಮಾತ್ರ ಯಾರಿಗೂ ಕೊಡಬೇಡ. ಒಂದು ತಿಂಗಳು ಕಾಯಿ. ನಾನು ಒಬ್ಬರಿಂದ ಒಂದು ಪತ್ರಕ್ಕೆ ಕಾಯುತ್ತಿದ್ದೇನೆ. ಯಾರು, ಏನು ಅಂತ ಕೇಳಿದರೆ ಕಿವಿ ಹಿಂಡುತ್ತೇನೆ.

ಅಕ್ಕ

---

ಆಗಸ್ಟ್ 6

ತಮ್ಮಾ,

ಪತ್ರ ಬಂತು. ಇನ್ನು ಹೇಳಬಹುದು.

ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಗಿರಾಕಿಯ ಮೈಯ ಅಳತೆ ಅಂಗಡಿಯ ಹೊಸ್ತಿಲು ದಾಟಬಾರದು. ಯಾರ ಸೊಂಟ ಎಷ್ಟು ಬೆಳೆಯಿತು, ಯಾರು ಭುಜಕ್ಕೆ ಹತ್ತಿ ತುಂಬಿಸಿಕೊಂಡರು, ಗಂಡನಿಗೂ ಹೇಳುವುದಿಲ್ಲ. ಮೂವತ್ತು ವರ್ಷ ಅದನ್ನು ಮುರಿದಿಲ್ಲ. ಅದಕ್ಕೇ ಮಾರ್ಚಿನಲ್ಲಿ ನಿನಗೆ "ಕೋಟಿನ ವಿಷಯ ಕೇಳಬೇಡ" ಅಂದೆ. ಆರು ತಿಂಗಳಿದೆ, ತಮ್ಮ ನಡೆದು ಚೆನ್ನಾಗಾಗಲಿ, ಕಡೆಗೆ ಬೇಕಾದರೆ ನೋಡೋಣ ಅಂದುಕೊಂಡೆ. ನೀನು ಮಾತ್ರೆ ನುಂಗುತ್ತೀಯ ಅಂತ ನನಗೇನು ಗೊತ್ತು. ಗೊತ್ತಿದ್ದರೆ ಆ ಕಟ್ಟನ್ನೆಲ್ಲ ಕಿತ್ತು ಎಸೆಯುತ್ತಿದ್ದೆ.

ಹತ್ತೊಂಬತ್ತು ವರ್ಷದ ಹಿಂದೆ, ನಾನಿನ್ನೂ ಅಲ್ಲೇ ಅಂಗಡಿ ಇಟ್ಟಿದ್ದಾಗ, ಯಜಮಾನರು ಒಂದು ಮಧ್ಯಾಹ್ನ ಹಿಂಬಾಗಿಲಿನಿಂದ ಬಂದರು. ಚೀಲದೊಳಗೆ ಕೆಂಪು ಕೋಟು. ಮೂರು ದಿನಕ್ಕೆ ಕಾರ್ಯಕ್ರಮ, ಆರನೆಯ ಗುಂಡಿ ಹಾಕಲಾಗುತ್ತಿಲ್ಲ. ಹೌದು ಗುಂಡಾ, ಅದೇ ಆರನೆಯದು. "ಕತ್ತರಿ ತಾಗಬಾರದಮ್ಮ" ಅಂದರು, ಕಣ್ಣಲ್ಲಿ ನೀರು. ಒಳಗಿನ ಅಸ್ತರು ಬಿಚ್ಚಿ ನೋಡಿದೆ. ಎರಡು ಪಕ್ಕದಲ್ಲೂ ಬೆನ್ನಿನ ನಡುವೆಯೂ ಮೊದಲ ದರ್ಜಿ ಧಾರಾಳವಾಗಿ ಬಟ್ಟೆ ಮಡಿಚಿ ಬಿಟ್ಟಿದ್ದ. ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿದೆ, ಅಂಚಿಗೆ ಸರಿಸಿ ಮತ್ತೆ ಹೊಲಿದೆ. ಕೋಟು ಅಗಲವಾಯಿತು, ಕತ್ತರಿ ತಾಗಲಿಲ್ಲ. ದಾರವನ್ನೂ ಹಲ್ಲಿನಿಂದ ಕಡಿದೆ.

ಇಷ್ಟಕ್ಕೆ ಮುಗಿಯಲಿಲ್ಲ. ಅಲ್ಲಿ ನನಗಿಂತ ಮುಂಚೆಯೇ ಹಳೆಯ ಸೂಜಿ ತೂತುಗಳಿದ್ದವು! ಯಜಮಾನರಿಗಿಂತ ಹಿಂದಿನವರೂ ಇದನ್ನೇ ಮಾಡಿಸಿದ್ದಾರೆ. ಆರು ವರ್ಷದ ಹಿಂದೆ ಅವರು ಕಾಯಿಲೆ ಬಿದ್ದು ಸೊರಗಿದಾಗ ಕೋಟು ಜೋಲಾಡಿತು. ಮಗಳ ಮನೆಗೆ ಹೋಗುವ ನೆಪ ಹೇಳಿ ಇಲ್ಲಿಯ ತನಕ ರೈಲಿನಲ್ಲಿ ತಂದರು, ನಾನೇ ಮತ್ತೆ ಒಳಗೆ ಹಿಡಿದೆ. ಈಗ ನಿನಗೆ ಬಿಗಿಯಾಗಿರುವುದು ನನ್ನ ಕೈಯ ಹೊಲಿಗೆ.

ಯಜಮಾನರಿಗೆ ಎಲ್ಲ ಬರೆದೆ. ಅವರ ಉತ್ತರ ಒಂದೇ ಸಾಲು, "ನನ್ನ ಮರ್ಯಾದೆಗೋಸ್ಕರ ಅವನು ನೆಲ ಕಂಡನೇ? ಹೇಳಿಬಿಡಮ್ಮ, ಇಡೀ ಬ್ಯಾಂಡಿಗೆ ಹೇಳು."

ನನ್ನನ್ನು ಬೈ. ಬೈದ ಮೇಲೆ ನಾನು ಯಾವ ರೈಲಿಗೆ ಬರಲಿ ಅಂತ ಬರೆ.

ಅಕ್ಕ

---

ಆಗಸ್ಟ್ 14

ಅಕ್ಕಾ,

ಬೈಯಬೇಕು ಅಂತ ಕಾಗದ ತೆಗೆದೆ. ಒಂದು ಪುಟ ಬೈದೂ ಬೈದೆ, ಚೆನ್ನಾಗಿ ಬಂದಿತ್ತು. ಆಮೇಲೆ, ನಾನು ಡಬ್ಬಿಗೆ ವಿಟಮಿನ್ ಅಂತ ಹೆಸರಿಟ್ಟವನು, ನೀನು ಇನ್ನೊಬ್ಬರ ಮಾನ ಮುಚ್ಚಿದವಳು, ತೂಗಿ ನೋಡಿದರೆ ನನಗೆ ಬಾಯಿಯೇ ಇಲ್ಲ ಅನ್ನಿಸಿ ಹರಿದುಹಾಕಿದೆ.

ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು ಅಭ್ಯಾಸಕ್ಕೆ ಹೋದೆ. ಎಲ್ಲರ ಎದುರು ಕೋಟಿನ ಅಸ್ತರಿನ ಮೂಲೆ ಬಿಡಿಸಿ, ಕಣ್ಣಿಗೆ ಭೂತಗನ್ನಡಿ ಹಾಕಿದೆ. ಜೀವಮಾನದಲ್ಲಿ ಎಷ್ಟೋ ಗಡಿಯಾರ ಬಿಚ್ಚಿದ್ದೇನೆ, ಇಷ್ಟು ಚಂದದ ಒಳಗನ್ನು ನೋಡಿಲ್ಲ. ನಿನ್ನ ನೀಲಿ ದಾರ ಸಿಕ್ಕಿತು. ಅದರಾಚೆ ಕಂದು ದಾರದ ಎಳೆಗಳು, ಅದರಾಚೆ ಬರೀ ತೂತುಗಳ ಸಾಲು, ಆಚೆ ಇನ್ನೊಂದು ಸಾಲು. ಈ ಕೋಟು ಅರವತ್ತು ವರ್ಷದಲ್ಲಿ ಉಸಿರಾಡಿದೆ ಅಕ್ಕ. ಒಬ್ಬನಿಗೂ ಅದು ಇದ್ದ ಹಾಗೇ ಹೊಂದಿಲ್ಲ!

"ಮಾಸ್ಟ್ರೇ, ನಿಮಗೆ ಗೊತ್ತಿತ್ತಾ?" ಅಂದೆ.

ಮಾಸ್ಟರು ಕೆಮ್ಮಿ ಕಿಟಕಿ ಕಡೆ ತಿರುಗಿದರು. "ನಿಯಮದಲ್ಲಿ ಕತ್ತರಿ ಅಂತ ಇದೆ. ಸೂಜಿ ಅಂತ ಎಲ್ಲೂ ಇಲ್ಲಪ್ಪ" ಅಂದರು. ಈ ಸಲ ಡೋಲಿನವನು ನಾಲ್ಕೇಟು ಬಾರಿಸಿದ.

ಯಜಮಾನರು ಮೂಲೆಯ ಕುರ್ಚಿಯಿಂದ ಎದ್ದು ಬಂದು ನನ್ನ ಭುಜ ಹಿಡಿದರು. "ಹೊಟ್ಟೆ ಎಳೀತಿದ್ದೆ ಅಂತ ನೀವೆಲ್ಲ ಹೇಳ್ತಿದ್ರಿ, ಕೇಳೋಕೆ ಚೆನ್ನಾಗಿತ್ತು, ಸುಮ್ಮನಿದ್ದೆ" ಅಂದರು. ಎಲ್ಲರೂ ನಕ್ಕೆವು. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ದಾರ ಇಟ್ಟಿದ್ದೇನೆ. ಮಾರ್ಚಿನಿಂದ ಲೆಕ್ಕ ಹಾಕಿದರೆ ಒಂದೂವರೆ ಬೆರಳು, ಎಲ್ಲವೂ ಕಾಲಿನಿಂದ ಸಂಪಾದಿಸಿದ್ದು. ಕನ್ನಡಕದವನೂ ಈಗ ನಮ್ಮ ಜೊತೆ ನಡೆಯುತ್ತಾನೆ, ಬಾಯಿ ಮಾತ್ರ ಕಾಲಿಗಿಂತ ಮುಂದೆ. ನಾಡಿ ಎಪ್ಪತ್ತೆರಡು, ಒಂದೇ ಗಡಿಯಾರದಲ್ಲಿ ನೋಡಿದ್ದು. ನನಗೆ ಹಸಿವಾಗುತ್ತದೆ ಅಕ್ಕ! ಊಟದ ಹೊತ್ತಿಗೆ ಹಸಿವಾಗುವುದು ಎಂಥ ಸುಖ ಅಂತ ನನಗೆ ಮರೆತೇ ಹೋಗಿತ್ತು.

ಬೆಳಗಿನ ರೈಲಿಗೆ ಬಾ. ಸೂಜಿ ತಾ. ಕತ್ತರಿಯನ್ನು ಮನೆಯಲ್ಲೇ ಬಿಡು.

ಗುಂಡ

---

ಸೆಪ್ಟೆಂಬರ್ 27

ಗುಂಡಾ,

ಮನೆ ಸೇರಿದೆ. ನಿಮ್ಮ ಮನೆಯ ನಾಲ್ಕು ದಿನದ ನಗು ಇನ್ನೂ ಪಕ್ಕೆಲುಬಿನಲ್ಲಿ ನೋಯುತ್ತಿದೆ. ಮುಂದೆ ನಿಂತು ಊದಿದವನಿಗೆ ತನ್ನ ಹಿಂದೆ ಏನಾಯಿತು ಅಂತ ತಿಳಿಯುವುದಿಲ್ಲ, ಅದನ್ನು ಹೇಳಲು ಬರೆಯುತ್ತಿದ್ದೇನೆ.

ನೀವು ನಿಲ್ದಾಣದಿಂದ ಹೊರಟಾಗ ನಾನೂ ನಿನ್ನ ಹೆಂಡತಿಯೂ ಯಜಮಾನರೂ ಮೇಲೆ ಪುರಸಭೆಯ ಮೆಟ್ಟಿಲ ಮೇಲಿದ್ದೆವು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ದೊಡ್ಡ ಕೊಂಬಿನವನು ಬಾಯಿ ತೆಗೆದು ಏದುಸಿರು ಬಿಡುತ್ತಿದ್ದ, ತಾಳದವನು ಕೆಂಪಾಗಿದ್ದ. ನೀನು ಎಂಟು ಗುಂಡಿ ಹಾಕಿಕೊಂಡು ಅಂಗಡಿಗೆ ನಡೆಯುವವನ ಹಾಗೆ ಹತ್ತುತ್ತಿದ್ದೆ. ನಿನ್ನ ಹೆಂಡತಿ ನನ್ನ ಕೈ ಹಿಂಡಿ "ನೋಡಿ ಅತ್ತಿಗೆ, ಕಾಲುವೆ ದಾರಿಯ ಉಸಿರು ಅದು" ಅಂದಳು.

ಕೊನೆಯ ಸ್ವರ ಬಂತು. ಎಲ್ಲ ನಿಂತಿತು, ನೀನೊಬ್ಬನೇ. ಎಷ್ಟು ಹೊತ್ತು ಹಿಡಿದೆಯೋ ನನಗೆ ಗೊತ್ತಿಲ್ಲ, ಕಣ್ಣು ಮಂಜಾಗಿ ಯಾವ ಗಡಿಯಾರವೂ ಕಾಣಲಿಲ್ಲ. ಪಕ್ಕದಲ್ಲಿ ಯಜಮಾನರನ್ನು ನೋಡಿದೆ. ಸ್ವರ ಮುಗಿಯುವ ತನಕ ಅವರು ತಮ್ಮ ಹೊಟ್ಟೆಯನ್ನು ಒಳಗೆ ಎಳೆದು ಹಿಡಿದಿದ್ದರು! ನೀನು ಟ್ರಂಪೆಟ್ ಇಳಿಸಿದ ಮೇಲೆಯೇ ಬಿಟ್ಟದ್ದು. ಆ ಮಾತು ಪೂರ್ತಿ ಸುಳ್ಳೇನಲ್ಲ ಕಣೋ.

ನಿಜ ಹೇಳುತ್ತೇನೆ. ಮೇ ತಿಂಗಳಿನ ಆ ನಡುಗುವ ಪತ್ರವನ್ನು ನಾನು ಇನ್ನೂ ಇಟ್ಟುಕೊಂಡಿದ್ದೆ. ಮೆಟ್ಟಿಲ ಮೇಲೆ ನಿಂತು ಆ ಸ್ವರ ಕೇಳಿದ ಮೇಲೆ, ಮನೆಗೆ ಬಂದವಳೇ ಅದನ್ನು ಒಲೆಗೆ ಹಾಕಿದೆ.

ಅಕ್ಕ

---

ಅಕ್ಟೋಬರ್ 11

ಅಕ್ಕಾ,

ಒಂದು ಗುಟ್ಟು. ನೀನು ಅಸ್ತರಿನ ಕೊನೆಯ ಹೊಲಿಗೆ ಹಾಕುವ ಮುಂಚೆ ಚಹಾ ತರಲು ಒಳಗೆ ಹೋದೆಯಲ್ಲ, ಆಗ ನಾನು ಎಡಪಕ್ಕದ ಮಡಿಕೆಯೊಳಗೆ ಒಂದು ಚಿಕ್ಕ ಬಟ್ಟೆಯ ಪಟ್ಟಿ ಸೇರಿಸಿಟ್ಟೆ. ಗಡಿಯಾರದ ಮುಳ್ಳಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ನೀನು ಅದನ್ನೂ ಸೇರಿಸಿ ಹೊಲಿದಿದ್ದೀಯ. "ಮುಂದಿನವರೇ, ಇಲ್ಲಿ ಇನ್ನೂ ಬಟ್ಟೆ ಇದೆ. ಹೆದರಬೇಡಿ. ನಡೆಯಿರಿ, ಉಣ್ಣಿರಿ, ಮಲಗಿರಿ, ದರ್ಜಿಯನ್ನು ಕೇಳಿ. ಹಸಿರು ಡಬ್ಬಿ ಮುಟ್ಟಬೇಡಿ." ಅಂಚೆಯ ಹುಡುಗಿಗೆ ಇಪ್ಪತ್ತು ವರ್ಷದ ಮೇಲೆ ಬೇಕಾಗಬಹುದು. ಈಗಂತೂ ಆ ಕೋಟಿನಲ್ಲಿ ಅವಳಂಥವರು ಇಬ್ಬರು ಹಿಡಿಯುತ್ತಾರೆ.

ನಿನ್ನೆ ಬೆಳಗ್ಗೆ ಕಾಲುವೆಯ ಹತ್ತಿರ ನೀಲಿ ರೆಕ್ಕೆಯ ಹಕ್ಕಿಯೊಂದು ಕೂತಿತ್ತು. ನನ್ನಾಕೆ ಬಾಯಿ ತೆರೆಯುವ ಮುಂಚೆಯೇ ನಾನು ಹೆಸರು ಹೇಳಿದೆ. ಸರಿಯಾಗಿತ್ತು! ಅವಳು ನಡುರಸ್ತೆಯಲ್ಲೇ ಚಪ್ಪಾಳೆ ಹೊಡೆದಳು, ಹಕ್ಕಿ ಹಾರಿಹೋಯಿತು.

ಈ ತಿಂಗಳ ದಾರ ಇಟ್ಟಿದ್ದೇನೆ. ಇದನ್ನು ಸುತ್ತಿ ನೋಡಿಲ್ಲ, ಗಂಟೂ ಹಾಕಿಲ್ಲ. ಗೋಡೆಗೆ ಚುಚ್ಚಬೇಡ. ಭಾವನ ಅಂಗಿಗೆ ಗುಂಡಿ ಹೊಲಿಯಲು ಇಟ್ಟುಕೋ.

ಗುಂಡ